ಸುಶೀಲಕ್ಕ ಕಿವಿಗಿಟ್ಟ ಲೋಹ

ಶಕುನ, ಕಣಿ, ಮೈಮೇಲೆ ಬರುವುದು ಎಂದರೆ ಮೂಗು ಮುರಿಯುವವನು ನಾನು. ಲೋಹಶಾಸ್ತ್ರ ಓದಿದವನು ಹಾಗೆಯೇ ಇರಬೇಕು ಎಂದುಕೊಂಡಿದ್ದೆ. ಈಗಲೂ ನನಗೆ ದೆವ್ವಗಳಲ್ಲಿ ನಂಬಿಕೆ ಬಂದಿಲ್ಲ. ಆದರೆ ಒಂದು ಮಳೆಗಾಲದಲ್ಲಿ ನಡೆದದ್ದನ್ನು ಹೇಗೆ ಬಿಡಿಸಿ ಹೇಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಕೆಲಸ ಮಾಡುವುದು ಮೂಡಿಗೆರೆ ಹತ್ತಿರದ ಒಂದು ಹಳೆಯ ಕಾಫಿ ಗೋಡೌನಿನಲ್ಲಿ. ಬೆಳೆಗಾರರಾದ ನಮ್ಮ ಓನರ್ ಅದನ್ನು ರಿಪೇರಿ ಮಾಡಿಸಿ, ಲೋಹದ ಭಾಗಗಳನ್ನು ಪ್ರಿಂಟ್ ಮಾಡುವ ಯಂತ್ರ ತಂದು ಕೂರಿಸಿದರು. ಹಿಟ್ಟಿನಂಥ ಲೋಹದ ಪುಡಿಯನ್ನು ತೆಳ್ಳಗೆ ಹರಡುವುದು, ಬೇಕಾದ ಕಡೆ ಲೇಸರ್‌ನಿಂದ ಕರಗಿಸುವುದು, ಅದರ ಮೇಲೆ ಮತ್ತೊಂದು ಪದರ. ಹೀಗೆ ಸಾವಿರಾರು ಪದರ ಕೂಡಿದರೆ ಒಂದು ಭಾಗ. ಆ ವರ್ಷ ಮಾಡುತ್ತಿದ್ದದ್ದು ಶಬ್ದದ ಐದಾರು ಪಟ್ಟು ವೇಗದಲ್ಲಿ ಹಾರುವ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಭಾಗ. ಅಂಗೈಯಷ್ಟು ಉದ್ದ, ಒಳಗೆಲ್ಲ ಸಣ್ಣ ಸಣ್ಣ ನಾಳಗಳು. ‘ಕಾಫಿ ಗೋಡೌನಲ್ಲಿ ಇದೆಂಥ ಮಾರಾಯ’ ಎಂದು ನನ್ನ ಭಾವನೇ ನಗುತ್ತಿದ್ದ.

ಪುಡಿ ಜರಡಿ ಹಿಡಿಯಲು ಸುಶೀಲಕ್ಕ ಇದ್ದರು. ಮೂವತ್ತು ವರ್ಷ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸಿದವರು. ಮಂಡಿ ಸವೆದು ಬಗ್ಗಲಾಗದೆ ಬಂದವರಿಗೆ ಕೂತು ಮಾಡುವ ಈ ಕೆಲಸ ಸಿಕ್ಕಿದ್ದೇ ದೊಡ್ಡದಾಗಿತ್ತು. ಕಣದಲ್ಲಿ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜವನ್ನು, ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಕುಲುಕಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಆ ಅಭ್ಯಾಸವನ್ನು ಇಲ್ಲಿಯೂ ಬಿಡಲಿಲ್ಲ. ಯಂತ್ರದಿಂದ ತೆಗೆದ ಪ್ರತಿ ಭಾಗವನ್ನೂ ಒರೆಸಿ, ಕಿವಿಗಿಟ್ಟು, ಉಗುರಿನಿಂದ ತಟ್ಟಿಯೇ ನನ್ನ ಮೇಜಿಗೆ ತರುವುದು. ಇನ್ನೆಷ್ಟು ಬಿಸಿಲು ಬೇಕಂತೆ ಎಂದು ನಾನು ಕೀಟಲೆ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಒಟ್ಟಿಗೇ ಪ್ರಿಂಟಾದ ಎರಡು ಭಾಗಗಳು ಹೊರಬಂದವು. ಒಂದನ್ನು ತಟ್ಟಿ ಇಟ್ಟರು. ಇನ್ನೊಂದನ್ನು ಮತ್ತೆ ಮತ್ತೆ ತಟ್ಟಿದರು. ಭಾಗದ ಬಾಯಿಯಿಂದ ಎರಡು ಬೆರಳು ಕೆಳಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ತಂದರು.

“ಇಲ್ಲಿ ಸದ್ದು ಸಾಯ್ತದೆ ಸಾರ್. ಇದನ್ನ ಕಳಿಸ್ಬೇಡಿ.”

ನಾನೂ ತಟ್ಟಿ ನೋಡಿದೆ, ಎರಡೂ ಒಂದೇ. ಎಕ್ಸ್‌ರೇ ಸ್ಕ್ಯಾನ್ ಮಾಡಿಸಿದಾಗ ಎರಡರಲ್ಲೂ ಸೂಜಿಮೊನೆಯಷ್ಟೂ ದೋಷವಿರಲಿಲ್ಲ. ನನ್ನ ಕರ್ಚೀಫಿನಿಂದಲೇ ಆ ಗೀಟು ಒರೆಸಿ, ಸಹಿ ಹಾಕಿ ಕಳಿಸಿದೆ.

ಆರ್ಡರ್ ಕೊಟ್ಟವರು ಇಂಧನ ಉರಿಸಿ ನೋಡಿದ ಪರೀಕ್ಷೆಯಲ್ಲಿ ಮೊದಲನೆಯದು ಕೊನೆಯವರೆಗೂ ತಡೆಯಿತು. ಸುಶೀಲಕ್ಕ ಬೇಡವೆಂದದ್ದು ಕೆಲವೇ ಸೆಕೆಂಡಿನಲ್ಲಿ ಸೀಳಿ ಹೋಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಚೂರುಗಳು ವಾಪಸ್ ಬಂದಾಗ ಬಿರುಕು ಶುರುವಾದ ಜಾಗ ಹುಡುಕಿದೆ. ಬಾಯಿಯಿಂದ ಎರಡು ಬೆರಳು ಕೆಳಗೆ. ಆ ಜಾಗವನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ದಿನಗಟ್ಟಲೆ ನೋಡಿದೆ. ತೂತಿಲ್ಲ, ಕರಗದ ಪುಡಿಯಿಲ್ಲ, ತೇವದ ಗುರುತಿಲ್ಲ. ಅಷ್ಟು ಚೊಕ್ಕ ಲೋಹ ಏಕೆ ಸೀಳಿತೋ, ಅದು ಅವರಿಗೆ ಮೊದಲೇ ಹೇಗೆ ಕೇಳಿಸಿತೋ!

ಆದರೆ ಆರ್ಡರ್ ಕೊಟ್ಟವರಿಗೆ ಕಾರಣ ಬೇಕಿತ್ತು. ಮಳೆಗಾಲದ ಥಂಡಿಗೆ ಪುಡಿ ತೇವ ಹಿಡಿದಿದೆ, ಜರಡಿ ಹಿಡಿದವರ ಅಜಾಗರೂಕತೆ ಎಂದು ವರದಿಯಲ್ಲಿ ಬರೆದೆ. ಎರಡಕ್ಕೂ ಅದೇ ಪುಡಿ. ಅದು ತೇವವಾಗಿದ್ದರೆ ಇನ್ನೊಂದು ಹೇಗೆ ಉಳಿಯಿತು ಎಂದು ಯಾರೂ ಕೇಳಲಿಲ್ಲ. ಆ ವಾರವೇ ಸುಶೀಲಕ್ಕನನ್ನು ಕೆಲಸದಿಂದ ತೆಗೆದರು. ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು ಒಂದೇ ಮಾತು ಕೇಳಿದರು.

“ನಾನು ಬೇಡ ಅಂದಿದ್ದು ಬರ್ದಿದ್ದೀರಾ ಸಾರ್?”

ಇದೆಲ್ಲ ಆಫೀಸಿನ ವಿಷಯ, ನಿಮಗೆ ಅರ್ಥವಾಗುವುದಿಲ್ಲ ಎಂದೆ. ಥೂ, ಹಾಗೆ ಅಂದುಬಿಟ್ಟೆ.

ಎರಡು ವರ್ಷದ ಮೇಲೆ ಅದೇ ಭಾಗಕ್ಕೆ ಮತ್ತೆ ಆರ್ಡರ್ ಬಂತು. ಸ್ಕ್ಯಾನ್ ಚೊಕ್ಕವಾಗಿತ್ತು. ಪೆನ್ನು ಹಿಡಿದರೆ ಸಹಿ ಹಾಕಲು ಕೈ ಬರಲಿಲ್ಲ. ಭಾಗವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಸುಶೀಲಕ್ಕನನ್ನು ಹುಡುಕುತ್ತಾ ವಸ್ತಾರೆ ಊರಿಗೆ ಹೋದೆ. ಸುಶೀಲಕ್ಕ ಅಲ್ಲೊಂದು ಕಣದಲ್ಲಿ, ಒಂದು ಕೈ ಮಂಡಿಯ ಮೇಲೆ ಊರಿ, ಬಿಸಿಲಲ್ಲಿ ಕಾಫಿ ಕೆದಕುತ್ತಿದ್ದರು. ಕ್ಷಮೆ ಕೇಳಲು ಹೋಗಿದ್ದೆ ಎಂದು ದಯವಿಟ್ಟು ತಿಳಿಯಬೇಡಿ. ನನ್ನ ಕೆಲಸ ಆಗಬೇಕಿತ್ತು, ಅದಕ್ಕೇ ಹೋಗಿದ್ದು.

ಅವರು ಸೆರಗಿಗೆ ಕೈ ಒರೆಸಿಕೊಂಡು ಭಾಗವನ್ನು ಕಿವಿಗಿಟ್ಟರು. ತಟ್ಟುತ್ತಾ ಹೋದ ಉಗುರು ಒಂದು ಕಡೆ ನಿಂತಿತು. ಅಲ್ಲೇ ಇನ್ನೊಮ್ಮೆ ತಟ್ಟಿ, ನನ್ನ ಮುಖ ನೋಡಿದರು.

“ಹೇಳಿದ್ರೆ ಈ ಸಲ ಬರೀತೀರಾ ಸಾರ್?”

“ನೋಡೋಣ” ಎಂದೆ.

ಅವರು ಭಾಗವನ್ನು ನನ್ನ ಕೈಗೆ ವಾಪಸ್ ಕೊಟ್ಟು ಕಾಫಿ ಕೆದಕಲು ಹೋದರು.

ಆ ಭಾಗ ಇನ್ನೂ ನನ್ನ ಡ್ರಾಯರಿನಲ್ಲಿದೆ. ಕೈಜಾರಿ ಬಿದ್ದು ತುದಿ ಹಾಳಾಯಿತು ಎಂದು ಓನರ್‌ಗೆ ಸುಳ್ಳು ಹೇಳಿ ಬೇರೆಯದನ್ನು ಪ್ರಿಂಟ್ ಮಾಡಿಸಿ ಕಳಿಸಿದೆ. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಆಗಾಗ ಅದನ್ನು ಕಿವಿಗಿಟ್ಟು, ಉಗುರಿನಿಂದ ಆ ತುದಿಯಿಂದ ಈ ತುದಿಯವರೆಗೆ ತಟ್ಟುತ್ತೇನೆ. ಎಲ್ಲಿ ತಟ್ಟಿದರೂ ನನಗೆ ಒಂದೇ ಸದ್ದು ಕೇಳುತ್ತದೆ.