ದಿನಕ್ಕೆ ಹತ್ತು ತುಂಡು

ನೀಲಕ್ಕ ಸೌದೆಯನ್ನು ಕಿವಿಯಿಂದ ಆರಿಸುತ್ತಿದ್ದರು. ಎರಡು ತುಂಡು ಎತ್ತಿಕೊಂಡು, ಬಲಗಿವಿಯ ಹತ್ತಿರ ಹಿಡಿದು, ಒಂದಕ್ಕೊಂದು ಬಡಿಯುವರು. ಟಣ್ ಎಂದರೆ ಎಡಗಡೆಯ ರಾಶಿಗೆ, ಧಪ್ ಎಂದರೆ ಬಲಗಡೆಯ ರಾಶಿಗೆ. ಧಪ್ ಎಂದದ್ದನ್ನು ಸುಮ್ಮನೆ ಹಾಕುವವರಲ್ಲ, ಒಮ್ಮೆ ಗದರಿಸಿಯೇ ಹಾಕುವರು. “ಇದು ಇನ್ನಾ ನೀರ ಕುಡಕೊಂತ ಕುಂತೈತಿ ನೋಡು. ಮುಂದಿನ ವರ್ಷ ಬಾ ಅಂತ ಹೇಳು ಇದಕ್ಕ.”

ನನಗೆ ಕಿವಿಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ತೇವ ಅಳೆಯುವ ಪುಟ್ಟ ಮೀಟರೊಂದನ್ನು ತರಿಸಿದೆ. 2022ರ ಅಕ್ಟೋಬರ್ 15, ಶನಿವಾರ, ಐವತ್ತು ತುಂಡುಗಳನ್ನು ಅವರು ಬಡಿದರು, ನಾನು ಹಿಂದಿನಿಂದ ಮೀಟರಿನ ಮೊಳೆ ಚುಚ್ಚುತ್ತ ಬಂದೆ. ನಲವತ್ತೆಂಟರಲ್ಲಿ ಕಿವಿಯೂ ಮೀಟರೂ ಒಂದೇ ಮಾತು ಹೇಳಿದವು. ಉಳಿದ ಎರಡರಲ್ಲಿ ತಪ್ಪು ಮೀಟರಿನದು ಎಂದು ನೀಲಕ್ಕ ತೀರ್ಪು ಕೊಟ್ಟರು. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದುಕೊಂಡೆ.

ನಾನು ಮೈಸೂರಿನವನು. ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಆಫೀಸಿನಿಂದ ಸೈಕಲ್ಲಿನಲ್ಲಿ ಇಪ್ಪತ್ತೆರಡು ನಿಮಿಷ ದೂರದ ಹಳ್ಳಿಯೊಂದರಲ್ಲಿ ನೀಲಕ್ಕನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರು ಗದಗಿನ ಕಡೆಯವರು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಗಂಡನ ಜೊತೆ ಬಂದು ಮೂವತ್ತು ವರ್ಷವಾಗಿತ್ತು. ಗಂಡ ತೀರಿಕೊಂಡು ಎರಡು ವರ್ಷ. ಒಬ್ಬಳೇ ಮಗಳು ಶ್ರುತಿ, ಹ್ಯಾಂಬರ್ಗ್‌ನಲ್ಲಿ. ಪ್ರತಿ ಭಾನುವಾರ ಫೋನು. ತಾಯಿ ಕನ್ನಡದಲ್ಲಿ ಕೇಳುವುದು, ಮಗಳು ಜರ್ಮನ್‌ನಲ್ಲಿ ಉತ್ತರಿಸುವುದು. ಇಬ್ಬರಿಗೂ ಅದು ವಿಚಿತ್ರ ಅನ್ನಿಸಿದಂತೆ ಕಾಣಲಿಲ್ಲ.

ನಾನು ಸೌದೆ ಎಂದರೆ ನೀಲಕ್ಕನಿಗೆ ಆಗುತ್ತಿರಲಿಲ್ಲ. “ಸೌದಿ ಅಂದ್ರ ಅರಬಸ್ತಾನ ನೆನಪಾಗತೈತಿ. ಕಟ್ಟಿಗಿ ಅನ್ನೋ ತಮ್ಮಾ.” ನಾನು ಕಟ್ಟಿಗೆ ಎನ್ನುವುದನ್ನು ಕಲಿತೆ.

ಆ ಶರತ್ಕಾಲದಲ್ಲಿ ದೇಶಕ್ಕೆಲ್ಲ ಒಂದೇ ಮಾತು, ಯುದ್ಧದಿಂದಾಗಿ ಕಡಿಮೆಯಾದ ಗ್ಯಾಸು ಚಳಿಗಾಲ ದಾಟುತ್ತದೋ ಇಲ್ಲವೋ ಎಂದು. ನಮ್ಮ ಮನೆಯದು ಎಣ್ಣೆಯ ಬಾಯ್ಲರು. ತೊಟ್ಟಿಯಲ್ಲಿ ಉಳಿದಿದ್ದದ್ದು ಒಂದು ಗೇಣು ಎಣ್ಣೆ. ವ್ಯಾಪಾರಿಗೆ ಫೋನು ಮಾಡಿದರೆ ಪಟ್ಟಿಯ ಕೊನೆಯಲ್ಲಿ ನಮ್ಮ ಹೆಸರು ಹಾಕಿಕೊಂಡು ಜನವರಿ ಕೊನೆ, ಅಥವಾ ಫೆಬ್ರವರಿ, ಅದೂ ಖಾತ್ರಿಯಿಲ್ಲ ಎಂದ. ಕಟ್ಟಿಗೆ ಮಾರುವವರು ಹೊಸ ಗಿರಾಕಿಗಳನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಇರುವ ಎಣ್ಣೆಯನ್ನು ಪೈಪು ಹೆಪ್ಪುಗಟ್ಟದಿರಲು ಮತ್ತು ವಾರಕ್ಕೆರಡು ಸ್ನಾನಕ್ಕೆ ಎಂದು ಮೀಸಲಿಟ್ಟೆವು. ಬೆಚ್ಚಗಿರಲು ಉಳಿದದ್ದು ಕೆಳಗಿನ ಹಾಲ್‌ನ ದೊಡ್ಡ ಒಲೆ. ಹಸಿರು ಹೆಂಚುಬಿಲ್ಲೆ ಹೊದಿಸಿದ, ಬಾಗಿಲಿರುವ ಹಳೆಯ ಒಲೆ. ನೀಲಕ್ಕ ಅದನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಸಿಟ್ಟು ಬರಲೂ ಹೊತ್ತು ಬೇಕು, ಇಳಿಯಲೂ ಹೊತ್ತು ಬೇಕು ಎಂಬ ಕಾರಣಕ್ಕೆ.

ಒಲೆಗೆ ಹಾಕಲು ಇದ್ದದ್ದು ಅವರ ಯಜಮಾನರು ಸಾಯುವ ಮುಂಚೆ ಸೀಳಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಟ್ಟಿಹೋಗಿದ್ದ ಬೀಚ್ ಮರದ ಕಟ್ಟಿಗೆ. ಅದು ಮಾರ್ಚ್ ಕೊನೆಯವರೆಗೆ ಬರಬೇಕಿತ್ತು. ಬರದಿದ್ದರೆ ಏನಾಗುತ್ತದೆಂದು ಮೊದಲೇ ನಿಶ್ಚಯವಾಗಿತ್ತು. ಶ್ರುತಿ ಬಂದು ತಾಯಿಯನ್ನು ಹ್ಯಾಂಬರ್ಗ್‌ಗೆ ಕರೆದೊಯ್ಯುತ್ತಾಳೆ, ಮನೆ ಮಾರಾಟಕ್ಕೆ ಹೋಗುತ್ತದೆ. ಒಬ್ಬಂಟಿ ಹೆಂಗಸು ಒಲೆ ಉರಿಸಿಕೊಂಡು ಚಳಿಗಾಲ ಕಳೆಯುವುದು ಆಗದ ಮಾತು ಎಂದು ಮಗಳು ಹೇಳಿದ್ದಳು. ಆಗುತ್ತದೆ ಎಂದು ತೋರಿಸುವುದೊಂದೇ ನೀಲಕ್ಕನ ಹಟ. “ಮಾರ್ಚ್‌ತನಕಾ ಮುಟ್ಟಿಸಿಕೊಡು ತಮ್ಮಾ. ಇಲ್ಲಾಂದ್ರ ಆಕಿ ನನ್ನ ಸೂಟ್‌ಕೇಸಿನ್ಯಾಗ ಮಡಚಿ ಇಟಕೊಂಡ ಹೋಗ್ತಾಳ.”

ನವೆಂಬರ್ 20, ಭಾನುವಾರ, ಎಣಿಸಿದೆ. ಒಣಗಿದ್ದು 1,320 ತುಂಡು. ಮಾರ್ಚ್ 31ಕ್ಕೆ 132 ದಿನ. ಆಗ ದಿನಕ್ಕೆ ಹದಿನಾಲ್ಕು ಉರಿಸುತ್ತಿದ್ದೆವು. ಹಾಗೇ ಹೋದರೆ ಫೆಬ್ರವರಿ 21ಕ್ಕೆ ಕೊಟ್ಟಿಗೆ ಖಾಲಿ. ಹತ್ತಕ್ಕೆ ಇಳಿಸಿದರೆ ಸರಿಯಾಗಿ ಮುಟ್ಟುತ್ತದೆ. ಕಿಟಕಿ ತೆರೆದು ಗಾಳಿಯಾಡಿಸುವುದನ್ನೂ ದಿನಕ್ಕೆರಡರಿಂದ ಒಂದಕ್ಕೆ ಇಳಿಸಿ ಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ.

“ಹತ್ತೇ ತುಂಡು ಅಕ್ಕ. ಒಂದೂ ಜಾಸ್ತಿ ಇಲ್ಲ.”

ನೀಲಕ್ಕ ಕನ್ನಡಕ ಏರಿಸಿ ಪಟ್ಟಿಯನ್ನು ಪೂರ್ತಿ ಓದಿದರು. “ರೇಶನ್ ಅಂಗಡಿ ತಗದಿ ಅನ್ನು. ಸಕ್ರಿ ಯಾವಾಗ ಬರತೈತಿ, ಸಾಹೇಬ್ರ?”

ನಗಾಡಿದರೂ ಲೆಕ್ಕ ತಪ್ಪಿಸಲಿಲ್ಲ. ಬೆಳಿಗ್ಗೆ ನಾಲ್ಕು, ಮಧ್ಯಾಹ್ನ ಮೂರು, ಸಂಜೆ ಮೂರು. ಸಂಜೆ ನಾನು ಬಂದೊಡನೆ ವರದಿ ಒಪ್ಪಿಸುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಕಾಲಂಗಳು ಹೀಗಿದ್ದವು: ತಾರೀಖು, ತುಂಡು, ಹಾಲ್‌ನ ಉಷ್ಣತೆ, ನೀಲಕ್ಕನ ಮಲಗುವ ಕೋಣೆಯ ಉಷ್ಣತೆ, ಅಲಾರಂ, ವಿಶೇಷ. ಹಾಲ್ ಹದಿನಾರು ಡಿಗ್ರಿಯ ಮೇಲೆ ಏರುತ್ತಿರಲಿಲ್ಲ. ಮಲಗುವ ಕೋಣೆ ಹನ್ನೆರಡು. ನಾವಿಬ್ಬರೂ ಮನೆಯೊಳಗೆ ಟೊಪ್ಪಿಗೆ ಹಾಕಿಕೊಂಡೇ ಊಟ ಮಾಡುತ್ತಿದ್ದೆವು. ನೀಲಕ್ಕನ ಬೆರಳ ಗೆಣ್ಣುಗಳು ಊದಿ ರೊಟ್ಟಿ ತಟ್ಟುವುದು ನಿಂತುಹೋಯಿತು.

ಅಲಾರಂ ಬಗ್ಗೆ ಹೇಳಬೇಕು. ಅಕ್ಟೋಬರಿನಲ್ಲಿ ಚಿಮಣಿ ನೋಡುವವನು ಬಂದಿದ್ದ. ಕಪ್ಪು ಬಟ್ಟೆ, ಹೆಗಲಿಗೆ ಸುತ್ತಿದ ಬ್ರಷ್ಷು. ಒಲೆ ಚೆನ್ನಾಗಿದೆ, ಕೆಂಡ ಪೂರ್ತಿ ಆರುವವರೆಗೆ ಗಾಳಿಯ ಬಾಯಿ ಮುಚ್ಚಬೇಡಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ, ಮಲಗುವ ಕೋಣೆಗೂ ಒಂದು ಎಂದು ಹೇಳಿ ಹೋದ. ನಾನು ಒಂದೇ ತಂದೆ. ಒಲೆ ಇರುವುದು ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಿ ಯಾಕೆ ಎಂದು ಯೋಚಿಸಿದ್ದು ನೆನಪಿದೆ. ಒಲೆಯ ಎದುರಿನ ಗೋಡೆಗೆ ಹಾಕಿದೆ. ಅದರ ಕಾಲಂನಲ್ಲಿ ಪ್ರತಿದಿನ ಒಂದೇ ಮಾತು: ಮೌನ.

ಇರುವುದನ್ನು ಎಣಿಸಿ ಕೂರುವುದು ನನ್ನ ಸ್ವಭಾವ. ನೀಲಕ್ಕನಿಗೆ ಮುಂದಿನ ಚಳಿಗಾಲದ್ದೇ ಚಿಂತೆ. ಅರಣ್ಯ ಕಚೇರಿಯಿಂದ ಚೀಟಿ ಬರೆಸಿಕೊಂಡರೆ ಕಾಡಿನಲ್ಲಿ ಬಿದ್ದ ಕೊಂಬೆಗಳನ್ನು ಆಯ್ದು ತರಬಹುದು. ಡಿಸೆಂಬರಿನ ನಾಲ್ಕು ಶನಿವಾರ ನಾವಿಬ್ಬರೂ ಕೈಗಾಡಿ ಎಳೆದುಕೊಂಡು ಹೋದೆವು. ಆ ವರ್ಷ ಕಾಡು ಗುಡಿಸಿಟ್ಟ ಹಾಗಿತ್ತು, ನಮಗಿಂತ ಮೊದಲೇ ಎಷ್ಟೋ ಮಂದಿ ಆಯ್ದುಹೋಗಿದ್ದರು. ಮೂರನೆಯ ಶನಿವಾರ ಒಂದೇ ಕೊಂಬೆಯ ಒಂದು ತುದಿಯನ್ನು ನೀಲಕ್ಕ, ಇನ್ನೊಂದು ತುದಿಯನ್ನು ಅವರಿಗಿಂತ ಮುದುಕಿಯಾದ ಜರ್ಮನ್ ಹೆಂಗಸೊಬ್ಬಳು ಹಿಡಿದುಕೊಂಡರು. ಇಬ್ಬರೂ ಬಿಡಲಿಲ್ಲ. ಇಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಕೊನೆಗೆ ನೀಲಕ್ಕ ಕೊಂಬೆಯನ್ನು ಮೊಣಕಾಲಿಗೆ ಒತ್ತಿ ಲಟಕ್ಕನೆ ಮುರಿದು, “ಹಾಲ್ಬ್, ಹಾಲ್ಬ್” ಎಂದು ದಪ್ಪ ಅರ್ಧವನ್ನು ಆಕೆಗೆ ಕೊಟ್ಟರು. ಮನೆಗೆ ಬಂದು ತಮ್ಮ ಅರ್ಧವನ್ನು ಬೆರಳಿನಿಂದ ಬಡಿದು ನೋಡಿ, “ಹಸೀದ ಐತಿ. ಆಕೀದೂ ಹಸೀದ ಇರತೈತಿ. ಪಾಪ, ಇವತ್ತ ಒಲಿಗೆ ಹಾಕತಾಳೋ ಏನೋ” ಎಂದರು.

ಡಿಸೆಂಬರ್ 18ರಂದು ಕೊಟ್ಟಿಗೆ ಗುಡಿಸುವಾಗ ಮೂರು ಕಾಲಿನ ಕಬ್ಬಿಣದ ಬಾಂಡ್ಲಿಯಂಥದ್ದು ಸಿಕ್ಕಿತು. ನೀಲಕ್ಕ ಅದನ್ನು ಸೆರಗಿನಿಂದಲೇ ಒರೆಸಿದರು. ಅವರ ತಾಯಿಯ ಅಗ್ಗಿಷ್ಟಿಕೆ. ಮಗಳ ಬಾಣಂತನಕ್ಕೆಂದು ಆ ತಾಯಿ ಇದನ್ನು ಕೌದಿಯಲ್ಲಿ ಸುತ್ತಿ ವಿಮಾನದಲ್ಲಿ ತಂದಿದ್ದರಂತೆ. ಕಸ್ಟಮ್ಸಿನವರು ಬಿಚ್ಚಿ ನೋಡಿ ಇದೇನು ಎಂದು ಕೇಳಿದಾಗ ಅಳಿಯ ಅಡುಗೆಯ ಪಾತ್ರೆ ಎಂದು ಹೇಳಿ ದಾಟಿಸಿದರಂತೆ.

“ಶ್ರುತಿ ಹುಟ್ಟಿದ್ದು ಜನವರ್ಯಾಗ. ಹೊರಗ ಮೊಣಕಾಲಮಟಾ ಹಿಮ. ನಮ್ಮವ್ವ ಒಲ್ಯಾಗಿನ ಕೆಂಡ ಇದ್ರಾಗ ಹಾಕಿ, ಲೋಬಾನ ಉದುರಿಸಿ, ನನ್ನ ಮಂಚದ ಬುಡಕ ಇಟ್ಟಿದ್ಲು. ನಲವತ್ತ ದಿನ, ಇದ ಮನ್ಯಾಗ, ಅದ ಖೋಲ್ಯಾಗ. ನೋಡಾಕ ಬಂದ ನರ್ಸು ಹೌಹಾರಿದ್ಲು. ಏನಾತು? ನಾ ಸತ್ನೇನು, ಆಕಿ ಸತ್ಲೇನು?”

ನಾನು ನಕ್ಕೆ. ಆ ದಿನದ ಪುಟದಲ್ಲಿ ಕೊಟ್ಟಿಗೆಯ ಸಾಮಾನಿನ ಪಟ್ಟಿಗೆ ಸೇರಿಸಿದೆ: ಅಗ್ಗಿಷ್ಟಿಕೆ, 1, ಚೆನ್ನಾಗಿದೆ.

ಆ ನಲವತ್ತು ದಿನ ನೀಲಕ್ಕನ ಮಲಗುವ ಕೋಣೆಗೆ ಇದ್ದದ್ದು ಹಳೆಯ ಮರದ ಕಿಟಕಿಗಳು. ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತಿತ್ತು ಎಂದು ನೀಲಕ್ಕನೇ ಹೇಳುತ್ತಿದ್ದರು. ಯಜಮಾನರು ಮಾಡಿಸಿದ ಕೊನೆಯ ಕೆಲಸ ಆ ಕಿಟಕಿಗಳನ್ನು ತೆಗೆಸಿ ಮೂರು ಪದರದ ಗಾಜಿನವನ್ನು ಕೂಡಿಸಿದ್ದು. ಬಂದವರಿಗೆಲ್ಲ ನೀಲಕ್ಕ ಅದರ ಹಿಡಿಕೆ ತಿರುಗಿಸಿ ತೋರಿಸುತ್ತಿದ್ದರು. “ಗಾಳಿ ಹೋಗ್ಲಿ, ಸೊಳ್ಳಿ ಉಸರೂ ಒಳಗ ಬರಾಂಗಿಲ್ಲ.” ಈ ಎರಡು ಮಾತುಗಳನ್ನೂ ನಾನು ಅವರ ಬಾಯಿಂದ ಕೇಳಿದ್ದೆ. ಬೇರೆ ಬೇರೆ ದಿನ, ಬೇರೆ ಬೇರೆ ಪುಟದಲ್ಲಿ ಬರೆದಿದ್ದೆ.

ಜನವರಿ 3ರ ಸಂಜೆಯ ವರದಿಯಲ್ಲಿ ಆರೇ ತುಂಡು ಎಂದರು. ನಾಲ್ಕು ಉಳಿತಾಯ. ಹೇಗೆ ಎಂದು ಕೇಳಿದೆ. ಅದು ನಮ್ಮೂರ ಗುಟ್ಟು, ಮೈಸೂರಿನವರಿಗೆ ಹೇಳುವಂಥದ್ದಲ್ಲ ಎಂದರು. ನಾನು ಖುಷಿಯಾಗಿ ಆ ತಾರೀಖಿನ ಪಕ್ಕ ಕೆಂಪು ಪೆನ್ನಿನಿಂದ ಒಂದು ನಕ್ಷತ್ರ ಬರೆದು ತೋರಿಸಿದೆ. ಐವತ್ತೆಂಟರ ಹೆಂಗಸಿನ ಮುಖ ಶಾಲೆಯ ಹುಡುಗಿಯ ಮುಖದಂತಾಯಿತು. ಅಂದಿನಿಂದ ಹೆಚ್ಚುಕಡಿಮೆ ದಿನ ಬಿಟ್ಟು ದಿನ ಆರು ತುಂಡಿನ ವರದಿ ಬರತೊಡಗಿತು. ನಾನು ಸೈಕಲ್ ನಿಲ್ಲಿಸುವ ಮೊದಲೇ ಬಾಗಿಲಲ್ಲಿ ಕೇಳುತ್ತಿದ್ದರು, “ಇವತ್ತ ಚುಕ್ಕಿ ಐತೋ ಇಲ್ಲೋ?”

ಕೆಲವು ಸಂಜೆ ಕಣ್ಣು ಸಣ್ಣದಾಗಿರುತ್ತಿತ್ತು. ತಲೆ ಸಿಡಿಯುತ್ತಿದೆ, ಥಂಡಿಗೆ ಎನ್ನುವರು. ಒಮ್ಮೆ ಬಟ್ಟಲು ಕೈಜಾರಿತು. ಒಮ್ಮೆ ವಾಂತಿಯಾಯಿತು, ಹಳೆಯ ಸಾರು ತಿಂದದ್ದಕ್ಕೆ ಎಂದರು. ನಾನು ‘ವಿಶೇಷ’ದ ಕಾಲಂನಲ್ಲಿ ಬರೆದೆ: ತಲೆನೋವು. ತಲೆನೋವು. ತಲೆನೋವು, ವಾಂತಿ. ಮಾತ್ರೆ ತಂದುಕೊಟ್ಟೆ. ಮಾತ್ರೆ ಎಷ್ಟು ಎಂದೂ ಬರೆದೆ.

ಜನವರಿ 24, ಮಂಗಳವಾರ. ಬೆಳಿಗ್ಗೆ ನಾನು ಹೊರಡುವಾಗ ಅವರು ಬಾಗಿಲಿನ ತನಕ ಬಂದಿದ್ದರು. ಬೂಟಿನ ಲೇಸು ಕಟ್ಟುತ್ತಿದ್ದೆ. ಅರ್ಧ ದಾರಿ ದಾಟಿದೆವು ಅಕ್ಕ, ಇವತ್ತಿಗೆ ಅರವತ್ತಾರು ದಿನ ಎಂದೆ. ಎಷ್ಟು ಮಿಕ್ಕಿವೆ ಎಂದು ಕೇಳಿದರು. ಇವತ್ತು ಹತ್ತು ಉರಿಸಿದರೂ ಏಳುನೂರ ನಾಲ್ಕು ಎಂದೆ. “ಹತ್ತ ಯಾಕ ಬೇಕು. ಏಳ್ನೂರಾ ಎಂಟ ಅಂತ ಬರಕೋ. ಬಾ, ಸಂಜಿಕಿ ಚುಕ್ಕಿ ಹಾಕು.”

ಅಂದು ಮಧ್ಯಾಹ್ನದ ಮೀಟಿಂಗ್ ರದ್ದಾಯಿತು. ಮೂರೂಕಾಲಕ್ಕೆ ಮನೆ ತಲುಪಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಹಾಲ್‌ನಲ್ಲಿ ದೊಡ್ಡಪ್ಪನ ಬಾಗಿಲು ತೆರೆದಿತ್ತು, ಒಳಗೆ ಬೂದಿ, ಕೆಂಡವಿರಲಿಲ್ಲ. ಗೋಡೆಯ ಅಲಾರಂ ಹಸಿರು ದೀಪ ಮಿನುಗಿಸುತ್ತ ಮೌನವಾಗಿತ್ತು. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು, ಕೆಳಗಿನ ಸಂದಿಗೆ ಒಳಗಡೆಯಿಂದ ಕೌದಿ ತುರುಕಿತ್ತು. ತಳ್ಳಿದೆ. ನೀಲಕ್ಕ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಟೊಪ್ಪಿಗೆ ತೆಗೆದು ದಿಂಬಿನ ಪಕ್ಕ ಇಟ್ಟಿದ್ದರು. ಮಂಚದ ಕೆಳಗೆ ಅಗ್ಗಿಷ್ಟಿಕೆ. ಬೂದಿಯ ಅಡಿಯಲ್ಲಿ ಇನ್ನೂ ಕೆಂಪಿತ್ತು. ಅವರ ಕೆನ್ನೆಯಲ್ಲೂ ಕೆಂಪಿತ್ತು. ಆ ಚಳಿಗಾಲದಲ್ಲಿ ಅವರ ಮುಖಕ್ಕೆ ಅಂಥ ಬಣ್ಣ ನಾನು ನೋಡಿರಲಿಲ್ಲ. ಒಂದು ಕ್ಷಣ ಆರಾಮಾಗಿ ನಿದ್ದೆ ಮಾಡುತ್ತಿದ್ದಾರೆ ಎಂದೇ ಅಂದುಕೊಂಡೆ.

ಕಿಟಕಿ ತೆರೆದೆ. ಅವರ ಭುಜ ಹಿಡಿದು ಅಲುಗಾಡಿಸಿದೆ. ಫೋನು ಮಾಡಿದೆ. ಹಳ್ಳಿಯ ಅಗ್ನಿಶಾಮಕದವರು ಒಂಬತ್ತು ನಿಮಿಷದಲ್ಲಿ ಬಂದು ನನ್ನನ್ನು ಹೊರಗೆಳೆದು ಹಿಮದ ಮೇಲೆ ಕೂರಿಸಿದರು. ನೀಲಕ್ಕ ಹೋಗಿ ಒಂದು ಗಂಟೆಗೂ ಹೆಚ್ಚು ಹೊತ್ತಾಗಿದೆ ಎಂದು ವೈದ್ಯೆ ಹೇಳಿದಳು.

ಎರಡು ದಿನ ಬಿಟ್ಟು ಚಿಮಣಿಯವನು ಪೊಲೀಸರ ಪರವಾಗಿ ಒಲೆ ನೋಡಲು ಬಂದ. ಒಲೆಯಲ್ಲಿ ದೋಷವಿರಲಿಲ್ಲ. ನಾನು ಲೆಕ್ಕ ಇಟ್ಟಿದ್ದೇನೆ ಎಂದು ತಿಳಿದು ನೋಟ್‌ಬುಕ್ ತರಿಸಿಕೊಂಡ. ಕನ್ನಡ ಬಾರದಿದ್ದರೂ ಅಂಕಿ ಗೊತ್ತಲ್ಲ. ನಕ್ಷತ್ರ ಏನೆಂದು ಕೇಳಿದ, ಹೇಳಿದೆ. ನಕ್ಷತ್ರಗಳ ಸಾಲಿನಲ್ಲೇ ಕೊನೆಯ ಕಾಲಂನಲ್ಲಿ ಮತ್ತೆ ಮತ್ತೆ ಬರುವ ಈ ಪದ ಏನೆಂದು ಕೇಳಿದ, ಅದನ್ನೂ ಹೇಳಿದೆ. ಬೆರಳನ್ನು ಸಾಲಿನುದ್ದಕ್ಕೂ ಮೆಲ್ಲಗೆ ಎಳೆದ. ಹನ್ನೊಂದು ನಕ್ಷತ್ರ. ಅದರಲ್ಲಿ ಆರರ ಎದುರು ತಲೆನೋವು. ನಕ್ಷತ್ರವಿಲ್ಲದ ದಿನಗಳಲ್ಲಿ ತಲೆನೋವು ಒಂದೂ ಇಲ್ಲ. ಮಲಗುವ ಕೋಣೆಯ ಉಷ್ಣತೆಯೂ ಆ ಸಂಜೆಗಳಲ್ಲಿ ಮಾತ್ರ ಎರಡು ಡಿಗ್ರಿ ಹೆಚ್ಚು. ಎಲ್ಲವೂ ನನ್ನ ಕೈಬರಹದಲ್ಲಿ, ಸ್ಕೇಲಿಟ್ಟು ಗೆರೆ ಎಳೆದ ಕಾಲಂಗಳಲ್ಲಿ ಇತ್ತು. ಅಡ್ಡಕ್ಕೆ ಒಮ್ಮೆಯೂ ನಾನು ಓದಿರಲಿಲ್ಲ. “ಬಹಳ ಅಚ್ಚುಕಟ್ಟಾಗಿ ಬರೆದಿದ್ದೀರಿ” ಎಂದು ಹೇಳಿ ಪುಸ್ತಕ ಮರಳಿಸಿದ. ಅವನು ಕುಹಕಿಯಲ್ಲ. ಅವನ ಬೆರಳಿನ ಮಸಿ ಆ ಪುಟದಲ್ಲಿ ಇನ್ನೂ ಇದೆ.

ಎಣ್ಣೆಯ ಲಾರಿ ಫೆಬ್ರವರಿ 2ಕ್ಕೆ ಬಂತು. ತೊಟ್ಟಿ ತುಂಬಿಸಿ ಹೋಯಿತು. ಕೊಟ್ಟಿಗೆಯಲ್ಲಿ ಕಟ್ಟಿಗೆ ಎಣಿಸಿದೆ: 708. ಜನವರಿ 24ರಿಂದ ಒಲೆ ಹೊತ್ತಿಸಿರಲಿಲ್ಲ, ಆ ದಿನದ ಕೊನೆಗೆ ಲೆಕ್ಕದ ಪ್ರಕಾರ ಇರಬೇಕಾದದ್ದು 660. ಬಲಗಡೆಗೆ ಮುಂದಿನ ವರ್ಷದ ಹಸಿ ಕಟ್ಟಿಗೆ, ಅದರ ಮೇಲೆ ಕಾಡಿನಲ್ಲಿ ಮುರಿದು ಹಂಚಿಕೊಂಡ ಅರ್ಧ ಕೊಂಬೆ. ಅದನ್ನು ಎಣಿಸಲಿಲ್ಲ.

ಮನೆ ಖಾಲಿ ಮಾಡಲು ಬಂದ ಶ್ರುತಿ ನನ್ನನ್ನು ಬೈಯಲಿಲ್ಲ. ಅಗ್ಗಿಷ್ಟಿಕೆಯನ್ನು ಕೈಯಲ್ಲಿ ಹಿಡಿದು ಇದು ಯಾವುದಕ್ಕೆ ಎಂದು ಕೇಳಿದಳು. ಅವಳು ಹುಟ್ಟಿದಾಗಿನ ನಲವತ್ತು ದಿನದ ಕತೆಯನ್ನು ನಾನೇ ಹೇಳಬೇಕಾಯಿತು. ಅವಳಿಗೆ ಅದು ಗೊತ್ತಿರಲಿಲ್ಲ. ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ. ಆಮೇಲೆ, ಎಂದಿನಂತೆ ಜರ್ಮನ್‌ನಲ್ಲೇ, ಒಂದೇ ಪ್ರಶ್ನೆ ಕೇಳಿದಳು. ಆ ದಿನ ಅಮ್ಮನಿಗೆ ಚಳಿಯಾಗುತ್ತಿತ್ತೇ?

ಆ ದಿನದ ಸಾಲು ಖಾಲಿ ಬಿಟ್ಟಿದ್ದೆ. ಆದರೆ ಕೋಣೆಯ ಬಾಗಿಲು ತಳ್ಳಿದಾಗ, ನೀಲಕ್ಕನನ್ನು ಕೂಗುವುದಕ್ಕೂ ಮೊದಲು, ಅಭ್ಯಾಸಬಲದಿಂದ ನನ್ನ ಕಣ್ಣು ಬಾಗಿಲ ಪಕ್ಕದ ಥರ್ಮಾಮೀಟರಿನ ಕಡೆ ಹೋಗಿತ್ತು. ಇಲ್ಲ ಎಂದೆ. ಹದಿನೆಂಟೂವರೆ ಡಿಗ್ರಿ ಇತ್ತು, ಚಳಿಗಾಲ ಶುರುವಾದ ಮೇಲೆ ಆ ಕೋಣೆ ಅಷ್ಟು ಬೆಚ್ಚಗಾದದ್ದು ಅದೇ ಮೊದಲು ಎಂದೆ.

ಅದನ್ನು ಬರೆದಿಡು ಎಂದಳು. ಅವಳ ಎದುರೇ ಬರೆದೆ. ಜನವರಿ 24ರ ಸಾಲಿನಲ್ಲಿ ಈಗ ಆ ಒಂದು ಅಂಕಿ ಮಾತ್ರ ಇದೆ. ಆರು ತುಂಡಿನ ದಿನವೇ ಆದರೂ ಪಕ್ಕದಲ್ಲಿ ಚುಕ್ಕಿ ಇಟ್ಟಿಲ್ಲ.