ಸ್ಟೆಪ್ನಿ ಅಳಿಯ

ಆ ಮನೆಗೆ ಇಬ್ಬರು ಅಳಿಯಂದಿರು. ಇಬ್ಬರಿಗೂ ಒಂದೇ ಕಂಪನಿಯಲ್ಲಿ ಒಂದೇ ಕೆಲಸ, ಇಂಟರ್ನೆಟ್ ಕೇಬಲ್ ಕಾಯುವುದು. ದೊಡ್ಡಳಿಯನ ಪಾಲಿಗೆ ಆಸ್ಪತ್ರೆಯ ಮೇನ್ ಲೈನು, ಚಿಕ್ಕಳಿಯನ ಪಾಲಿಗೆ ಬದಲಿ ಲೈನು. ಮೇನ್ ಲೈನು ಕೈಕೊಟ್ಟರೆ ಬದಲಿ ಲೈನು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ವಹಿಸಿಕೊಳ್ಳಬೇಕು. ಕಾರಿನ ಬದಲಿ ಚಕ್ರಕ್ಕೆ ಹೋಲಿಸಿ "ನಮ್ಮ ಸ್ಟೆಪ್ನಿ ಅಳಿಯ" ಎಂದು ಮಾವ ಒಮ್ಮೆ ಚಿಕ್ಕಳಿಯನಿಗೆ ತಮಾಷೆಗೆ ಅಂದದ್ದು ಹಾಗೇ ಅಂಟಿಕೊಂಡಿತು. ಎಲ್ಲರೂ ನಕ್ಕರು, ಸ್ಟೆಪ್ನಿಯೂ ನಕ್ಕ. ಅವತ್ತು ಅವನ ಹೊಟ್ಟೆಯಲ್ಲಿ ಹೊತ್ತಿಕೊಂಡ ಕಿಚ್ಚು ಮಾತ್ರ ಆರಲೇ ಇಲ್ಲ.

ಉರಿಯುವುದಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಮೇನ್ ಲೈನು ಕೆಟ್ಟಾಗಲೆಲ್ಲ ಇವನ ಲೈನು ಆಸ್ಪತ್ರೆಯನ್ನು ನಡೆಸುತ್ತಿತ್ತು. ಅಲ್ಲಿ ಏನೂ ನಿಲ್ಲುತ್ತಿರಲಿಲ್ಲ, ನಿಲ್ಲದ್ದರಿಂದಲೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಭಾವ, ಅಂದರೆ ದೊಡ್ಡಳಿಯ, ಮಣ್ಣು ಮೆತ್ತಿದ ಪ್ಯಾಂಟಿನಲ್ಲಿ ಬಂದು "ಸರಿಹೋಯ್ತು" ಅಂದರೆ ಸಾಕು, ಆಸ್ಪತ್ರೆ ನೋಡಿಕೊಳ್ಳುವ ಮೇಡಂ ಅವನನ್ನು ಹೊತ್ತು ಮೆರೆಸುವುದೊಂದು ಬಾಕಿ. ಅತ್ತೆ ಬಡಿಸುವಾಗಲೂ ಸೌಟು ಮೊದಲು ಅತ್ತ ಕಡೆಗೇ ಹೋಗುತ್ತಿತ್ತು. ಸ್ಟೆಪ್ನಿ ಅದನ್ನೂ ಲೆಕ್ಕವಿಟ್ಟಿದ್ದ.

ಎರಡು ವರ್ಷದ ಕೆಳಗೆ ಬದಲಿ ಲೈನನ್ನು ಹೊಸದಾಗಿ ಎಳೆಯಬೇಕಾಯಿತು. ಕಂಪನಿಯ ನಕ್ಷೆಯಲ್ಲಿ ಅದು ಹಿಂದಿನ ಬೀದಿಯ ಗ್ಯಾರೇಜು, ಚರಂಡಿ ಎಲ್ಲ ಸುತ್ತಿಕೊಂಡು ಬರುತ್ತಿತ್ತು.

"ನಿಮ್ಮ ಲೈನು ದೊಡ್ಡ ರಸ್ತೇಲಿ, ನಂದು ಚರಂಡಿ ಪಕ್ಕ. ನಾನೇನು ಕಮ್ಮಿ?" ಅಂದ ಸ್ಟೆಪ್ನಿ.

"ಕಮ್ಮಿ ಜಾಸ್ತಿ ಮಾತಲ್ಲ ಮಾರಾಯ, ಎರಡೂ ಬೇರೆ ಬೇರೆ ದಾರೀಲಿ ಇದ್ರೇನೇ ಒಳ್ಳೇದು," ಅಂದ ಭಾವ.

ಭಾವ ಒಳ್ಳೆಯದೆಂದದ್ದೇ ಸಾಕಾಯಿತು, ಸ್ಟೆಪ್ನಿ ಹಟಕ್ಕೆ ಬಿದ್ದ. ಹಿಂದಿನ ಬೀದಿಯಲ್ಲಿ ನೀರು ನಿಲ್ಲುತ್ತದೆ, ಇಲಿ ಕಡಿಯುತ್ತದೆ ಎಂದು ಇಲ್ಲದ್ದು ಸಲ್ಲದ್ದು ಹೇಳಿ ಕಂಪನಿಯ ಸಾಹೇಬರ ತಲೆ ತಿಂದ. ಕೊನೆಗೂ ದೊಡ್ಡ ರಸ್ತೆಯ ಪೈಪಿನಲ್ಲೇ, ಭಾವನ ಕೇಬಲ್ಲಿನ ಮಗ್ಗುಲಲ್ಲೇ, ತನ್ನದನ್ನೂ ಹಾಯಿಸಿಕೊಂಡ. ಅವತ್ತು ಅವನಿಗೆ ಗೆದ್ದಷ್ಟು ಖುಷಿ.

ಮೊನ್ನೆ ಬೆಳಗ್ಗೆ ಹನ್ನೊಂದಕ್ಕೆ, ರಸ್ತೆ ಅಗೆಯುತ್ತಿದ್ದ ಯಂತ್ರವೊಂದು ಆ ಪೈಪನ್ನು ಒಂದೇ ಏಟಿಗೆ ಕಿತ್ತೆಸೆಯಿತು. ಎರಡೂ ಲೈನು ಹೋದವು. ಸ್ಕ್ಯಾನ್ ಚಿತ್ರಗಳು ದೂರದ ವೈದ್ಯರನ್ನು ತಲುಪದೆ ನಿಂತವು, ರೋಗಿಗಳ ಸಾಲು ಬಾಗಿಲಾಚೆಗೂ ಬೆಳೆಯಿತು. "ಒಂದು ಹೋದ್ರೆ ಇನ್ನೊಂದಿದೆ ಅಂದಿದ್ರಲ್ಲ, ಎಲ್ಲಿ ಇನ್ನೊಂದು?" ಎಂದು ಮೇಡಂ ಫೋನಿನಲ್ಲಿ ಸ್ಟೆಪ್ನಿಯನ್ನು ಕೇಳಿದರು.

ಅವನು ಓಡಿಹೋಗಿ ನೋಡಿದರೆ ಭಾವ ಆಗಲೇ ಗುಂಡಿಗಿಳಿದು ಕೂತಿದ್ದ. ಕೂದಲಿನಷ್ಟು ಸಣ್ಣ ಗಾಜಿನೆಳೆಗಳು, ಒಂದೊಂದಾಗಿ ಬೆಸೆಯಬೇಕು, ಬೆಸೆಯುವ ಮೆಷಿನ್ನು ಇದ್ದದ್ದು ಒಂದೇ. 'ಅವತ್ತೇ ಬಡ್ಕೊಂಡೆ' ಎಂದು ಈಗ ಅನ್ನುತ್ತಾನೆ, ಇನ್ನೇನು ಅನ್ನುತ್ತಾನೆ ಎಂದು ಸ್ಟೆಪ್ನಿ ಹಲ್ಲು ಕಚ್ಚಿ ಕಾದ.

"ಮೊದಲು ನಿಂದು ಕೊಡು," ಅಂದ ಭಾವ.

"ನಿಮ್ಮದಲ್ವಾ ಮೇನು?"

"ನಿಂದ್ರಲ್ಲಿ ಎಳೆ ಕಮ್ಮಿ, ಬೇಗ ಮುಗಿಯತ್ತೆ. ಅಲ್ಲಿ ಜನ ಕಾಯ್ತಿದಾರೆ."

ಒಂದೂವರೆ ತಾಸಿಗೆ ಬದಲಿ ಲೈನಿಗೆ ಜೀವ ಬಂತು. ಮೇಡಂ ಗುಂಡಿಯವರೆಗೂ ನಡೆದು ಬಂದರು. ಭಾವ ತಲೆ ಎತ್ತದೆ, "ಬಂದಿದ್ದು ಇವನ ಲೈನು ಮೇಡಂ," ಅಂದ. ಅವರು ಸ್ಟೆಪ್ನಿಯ ಮಣ್ಣುಗೈಯನ್ನೇ ಹಿಡಿದು ಕುಲುಕಿದರು.

ಸಂಜೆ ಮಾವನ ಮನೆಯಲ್ಲಿ ಸೌಟು ಮೊದಲು ಅವನ ತಟ್ಟೆಗೇ ಬಂತು. "ಇವತ್ತು ಆಸ್ಪತ್ರೆ ಮರ್ಯಾದೆ ಉಳಿಸಿದ್ದು ನೀವಂತೆ!" ಅಂದರು ಅತ್ತೆ. ಇಷ್ಟು ವರ್ಷ ಕಾದ ಮಾತು, ಆದರೆ ಸ್ಟೆಪ್ನಿ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಭಾವ ನಾಲ್ಕು ಬೈದಿದ್ದರೆ ಹಾಯಾಗಿರುತ್ತಿತ್ತು. ಹಾಳಾದವನು ದೊಡ್ಡತನದಲ್ಲೂ ಮುಂದೆ ಹೋಗಿಬಿಟ್ಟನಲ್ಲ ಎಂದು ಸ್ಟೆಪ್ನಿಯ ಹೊಟ್ಟೆ ಎಂದಿಗಿಂತ ಜೋರಾಗಿ ಉರಿಯಿತು. ಇಲ್ಲ, ತಪ್ಪು ಒಪ್ಪಿಕೊಂಡ ಹೆಸರೊಂದಾದರೂ ನನ್ನದಾಗಿರಲಿ ಎಂದುಕೊಂಡ.

"ಅತ್ತೆ, ಎರಡೂ ಲೈನು ಹೋಗಿದ್ದು ನನ್ನ ಹಟ..."

"ನಂಗೂ ಒಂದು ಸೌಟು ಬರ್ಲಿ ಅತ್ತೆ," ಎಂದು ಭಾವ ಅವನ ಮಾತು ಮುಗಿಯಗೊಡದೆ ನಡುವೆ ತಟ್ಟೆ ಒಡ್ಡಿದ.