ಕಾಕು ಅಡ್ಡ ಹಿಡಿದ ಬಿಸಿಲು

ಮೊನ್ನೆ ಜೋಳದ ಹೊಸ ಚೀಲ ಬಿಚ್ಚಿದಾಗ ಗೋಣಿಯ ಧೂಳುವಾಸನೆ ಮೂಗಿಗೆ ಬಡಿಯಿತು. ದಾರ ಎಳೆಯುತ್ತಿದ್ದ ಕೈ ಅಲ್ಲೇ ನಿಂತಿತು. ಚಿಕ್ಕಮ್ಮನ ಹಾಗಿದ್ದ ಪಕ್ಕದ ಮನೆಯ ಕಾಕು ನೆನಪಾದರು...

ತೊಂಬತ್ತೈದರ ದೀಪಾವಳಿ. ಮದುವೆಯಾಗಿ ಧಾರವಾಡದ ಕೆಲಗೇರಿ ಕಡೆಯ ಈ ಮನೆಗೆ ಬಂದವಳಿಗೆ ಆಗ ಮೊದಲ ಬಸಿರು, ಏಳು ತಿಂಗಳು. ಅಮಾವಾಸ್ಯೆಯ ಬೆಳಿಗ್ಗೆ ಸೂರ್ಯನಿಗೆ ಗ್ರಹಣ. ಬಸುರಿಯ ಮೇಲೆ ಆ ಬೆಳಕು ಬಿದ್ದರೆ ಕೂಸು ತುಟಿ ಸೀಳಿಕೊಂಡು ಹುಟ್ಟುತ್ತದೆ ಎಂದು ಅತ್ತೆ ಹಿಂದಿನ ದಿನವೇ ಸೂಜಿ, ಕತ್ತರಿ, ಈಳಿಗೆ ಎಲ್ಲ ಎತ್ತಿಟ್ಟಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಗ್ರಹಣದ ಚಿತ್ರ ಬರೆದು ಸಿಸ್ಟರ್ ಅವರಿಂದ ಶಭಾಷ್ ಅನ್ನಿಸಿಕೊಂಡವಳು. ಆದರೆ ಚಿತ್ರ ಬರೆಯುವಾಗ ಹೊಟ್ಟೆಯಲ್ಲಿ ಯಾರೂ ಒದೆಯುತ್ತಿರಲಿಲ್ಲ. ಸುಮ್ಮನೆ ಕೋಣೆ ಸೇರಿದೆ.

ಮೂಡಲ ಕಡೆಯ ಗಾಜಿನ ಕಿಟಕಿಗೆ ಅತ್ತೆ ಎರಡು ಗೋಣಿಚೀಲ ಒಂದರ ಮೇಲೊಂದು ಹಾಕಿ ಮೊಳೆ ಹೊಡೆದರು. ನನ್ನ ಜೊತೆಗಿರಲೆಂದು ಕಾಕು ಬಂದರು. ಅವರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದರು. ಗೋಣಿ ನೋಡಿ ಅವರು ನಕ್ಕಿದ್ದು ಅತ್ತೆಗೆ ಕಂಡಿರಬೇಕು.

“ಕಾಲೇಜಿನ ಪಾಠ ಹೊರಗ ಬಿಟ್ಟ ಬರ್ರಿ ಅಕ್ಕೋರ. ಮನ್ಯಾಗ ಗ್ರಹಣ ಐತಿ.”

“ಗ್ರಹಣ ಮ್ಯಾಲ ಐತಿ, ವೈನಿ. ಮನ್ಯಾಗ ಯಾಕ ಬರತೈತಿ?”

ಅತ್ತೆ ಬಾಗಿಲು ಎಳೆದುಕೊಂಡು ಜಪಕ್ಕೆ ಕೂತರು.

ಕತ್ತಲು ಕಣ್ಣಿಗೆ ಹೊಂದಿದ ಮೇಲೆ ಕಂಡಿತು. ಚೀಲ ಎತ್ತುವಾಗ ಹಮಾಲರ ಕೊಕ್ಕೆ ಚುಚ್ಚಿದ ತೂತುಗಳು ಎರಡು ಗೋಣಿಗಳಲ್ಲೂ ಒಂದೇ ಕಡೆ ಕೂಡಿದ್ದವು. ಆ ಒಂದು ತೂತಿನಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ದುಂಡಗೆ ಕೂತಿತ್ತು. ನೋಡುತ್ತಿದ್ದಂತೆ ಅದರ ಅಂಚು ಸವೆಯಿತು. ಯಾರೋ ಕಚ್ಚಿ ಬಿಟ್ಟ ರೊಟ್ಟಿಯ ಹಾಗಾಯಿತು. ಹೊರಗಿನ ಸೂರ್ಯನೇ ಅದು. ಕಿಟಕಿಯನ್ನು ಅಷ್ಟು ಮುಚ್ಚಿರದಿದ್ದರೆ ಹೀಗೆ ಒಳಗೆ ಮೂಡುತ್ತಲೇ ಇರಲಿಲ್ಲ. ಹೊರಗೆ ಹಕ್ಕಿಗಳ ಸದ್ದಿರಲಿಲ್ಲ. ಸೂರ್ಯ ಮೇಲೇರಿದಂತೆ ಆ ಚೂರು ಗೋಡೆಯಿಂದ ಕೆಳಗಿಳಿಯಿತು, ನಿಧಾನವಾಗಿ, ದಾರಿ ಗೊತ್ತಿರುವಂತೆ... ಅದೇ ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದ ನನಗೆ ಏಳಲಾಗಲಿಲ್ಲ. ಅದು ನನ್ನ ಭುಜ ದಾಟಿತು. ಹೊಟ್ಟೆ ಮುಟ್ಟುವಷ್ಟರಲ್ಲಿ ಕಾಕು ಅಂಗೈ ಅಡ್ಡ ಹಿಡಿದರು.

ಹೆದರಬೇಡ, ಬರೀ ಬೆಳಕು ಎಂದರು. ಸೂರ್ಯನ ಒಡಲಲ್ಲಿ ಹೈಡ್ರೋಜನ್ ಒತ್ತಿಕೊಂಡು ಹೀಲಿಯಮ್ ಆಗುವಾಗ ಒಂಚೂರು ತೂಕ ಕಳೆದುಹೋಗುತ್ತದಂತೆ. ಕಳೆದುಹೋದದ್ದೇ ಬೆಳಕು, ಅದೇ ಶಾಖ. ಹುಟ್ಟಿದ್ದು ನೆಟ್ಟಗೆ ಹೊರಗೆ ಬರುವುದಿಲ್ಲ. ಡಿಕ್ಕಿ ಹೊಡೆದು, ತಿರುಗಿ, ಮತ್ತೆ ಡಿಕ್ಕಿ ಹೊಡೆದು ಸಾವಿರಾರು ವರ್ಷ ಒಳಗೇ ಅಲೆಯುತ್ತದೆ. ಹೊರಬಿದ್ದ ಮೇಲೆ ಇಲ್ಲಿಗೆ ಎಂಟೇ ನಿಮಿಷ.

“ಇದು ಹೊಂಟಾಗ ಧಾರವಾಡ ಇದ್ದಿದ್ದಿಲ್ಲ. ನಿನ್ನ ಕೂಸು ಯಾವುದಂತ ಇದಕ್ಕೇನ ಗೊತ್ತು?”

ಅವರ ಅಂಗೈಯಲ್ಲಿ ಆ ಕಚ್ಚಿದ ಚೂರು ಅಲುಗುತ್ತಿತ್ತು.

“ಹಂಗಾರ ಕೈ ಯಾಕ ಅಡ್ಡ ಹಿಡದೀರಿ, ಕಾಕು?”

ಕಾಕು ಆ ಚೂರಿನ ಮೇಲೆ ಕಣ್ಣಿಟ್ಟೇ ಹೇಳಿದರು. “ಎಂಬತ್ತರಾಗ ಹಾಡಾಹಗಲ ಊರಿಗೆ ಊರ ಕತ್ತಲಾತು ನೋಡು, ಆವಾಗ ನಾನೂ ಬಸರಿದ್ದೆ. ಮಾಳಿಗಿ ಮ್ಯಾಲ ನಿಂತು ನೋಡಿದೆ. ಮುಂದ ವಾರದಾಗ ಕೂಸು ಹೋತು. ಅದಕ್ಕೂ ಗ್ರಹಣಕ್ಕೂ ಏನೂ ಸಂಬಂಧಿಲ್ಲ. ನಂಗ ಖರೇನ ಗೊತ್ತೈತಿ.”

ಕೈ ತೆಗೆಯಲಿಲ್ಲ. ಚೂರು ಇಳಿದಂತೆ ಕೈಯೂ ಇಳಿಯಿತು, ಹೊಟ್ಟೆ ದಾಟಿ ಮೊಣಕಾಲಿನವರೆಗೆ.

ಸಂಕ್ರಾಂತಿಗೆ ಮುಂಚೆ ಮಗಳು ಹುಟ್ಟಿದಳು. ಕಾಕು ಆಸ್ಪತ್ರೆಗೆ ಬಂದರು. ಕೈ ತೊಳೆದು ಬಂದು ಕೂಸಿನ ಮೇಲ್ದುಟಿಯ ಮೇಲೆ ಬೆರಳಾಡಿಸಿದರು. ಬಾಯೊಳಗೆ ಕಿರುಬೆರಳಿಟ್ಟು ಅಂಗುಳ ಮುಟ್ಟಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ವರಾಂಡಕ್ಕೆ ಹೋಗಿ ನಿಂತರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ತಮ್ಮ ಕೂಸು ಹೋದ ಮೇಲಿನ ಆ ಹದಿನೈದು ವರ್ಷ ಅವರು ಏನನ್ನು ನಂಬಿದ್ದರೋ ನಾನು ಕೇಳಲೇ ಇಲ್ಲ. ಈಗ ಕೇಳಲು ಅವರಿಲ್ಲ. ಆ ಮನೆಯಲ್ಲಿ ಬೇರೆಯವರಿದ್ದಾರೆ. ಬೆಳಿಗ್ಗೆ ಅವರ ಜಗುಲಿಯ ಮೇಲೆ ಬಿಸಿಲು ಬೀಳುತ್ತದೆ. ಕಾಕು ತೀರಿಕೊಂಡ ದಿನ ಸೂರ್ಯನ ಒಡಲಲ್ಲಿ ಹುಟ್ಟಿದ ಬೆಳಕಲ್ಲ ಅದು. ಆ ದಿನದ ಬೆಳಕು ಇನ್ನೂ ಒಳಗೇ ಅಲೆಯುತ್ತಿದೆ. ಹೊರಗೆ ಬರುವ ಹೊತ್ತಿಗೆ ನಾವ್ಯಾರೂ ಇರುವುದಿಲ್ಲ...